ಕುರ್ಚಿ ಬಿಟ್ಟವರ ಮೇಲೆ ಯಾಕೆ ಸಿಟ್ಟು?

ಓದುಗರ ಪತ್ರ: ‘ಮೈಯಲ್ಲಿ ಕಸುವಿಲ್ಲದ ನಾಯಕರು ಮರ್ಯಾದೆಯಿಂದ ಮನೆಗೆ ಹೋಗಲಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನಿರುವುದು ಅಮೆರಿಕದ ಜಾರ್ಜಿಯಾದಲ್ಲಿ. ಇಲ್ಲಿನ ಸೆನೆಟರ್ ಜಾನಿ ಐಸಕ್ಸನ್ ಹಾಗೇ ಮರ್ಯಾದೆಯಿಂದ ಹೋದರು. ಏನಾಯಿತು? ಅವರ ರಿಪಬ್ಲಿಕನ್ ಪಕ್ಷ ಇಡೀ ಸೆನೆಟ್ಟನ್ನೇ, ಅಂದರೆ ಸಂಸತ್ತಿನ ಮೇಲ್ಮನೆಯ ಹಿಡಿತವನ್ನೇ ಕಳಕೊಂಡಿತು. ಇನ್ನು ಮೂರು ವರ್ಷ ಹೇಗೋ ತಳ್ಳಿದ್ದರೆ ಆಗುತ್ತಿರಲಿಲ್ಲವೇ? ಗೆಲ್ಲಿಸಿದ ಪಕ್ಷದ ಋಣ ಅಷ್ಟೂ ಬೇಡವೇ?’ (ಅಟ್ಲಾಂಟಾ ಹತ್ತಿರದಿಂದ ಒಬ್ಬ ಓದುಗ)

ಸಂಪಾದಕರ ಉತ್ತರ: ಸ್ವಾಮಿ, ಮೊದಲು ನಿಮ್ಮ ಲೆಕ್ಕ ಒಪ್ಪಿಬಿಡುತ್ತೇನೆ. ಐಸಕ್ಸನ್ ಅವಧಿ 2023ರ ಜನವರಿವರೆಗೂ ಇತ್ತು. ಅವರು 2019ರ ಕೊನೆಯ ದಿನಕ್ಕೆ ರಾಜೀನಾಮೆ ಕೊಟ್ಟರು. ಹಾಗೆ ಖಾಲಿಯಾದ ಜಾಗಕ್ಕೆ ಜಾರ್ಜಿಯಾದ ಗವರ್ನರ್ ಒಬ್ಬರನ್ನು ನೇಮಿಸಬಹುದು. ಆದರೆ ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಜನರ ಮುಂದೆ ಹೋಗಲೇಬೇಕು. ಗವರ್ನರ್ ಬ್ರಯಾನ್ ಕೆಂಪ್ ಕೂಡ ರಿಪಬ್ಲಿಕನ್. ಅವರು ಕೆಲ್ಲಿ ಲೆಫ್ಲರ್ ಅವರನ್ನು ತಂದು ಕೂರಿಸಿದರು. 2020ರಲ್ಲಿ ಬರಬೇಕಿಲ್ಲದ ಚುನಾವಣೆ ಬಂತು. 2021ರ ಜನವರಿ 5ರ ಎರಡನೇ ಸುತ್ತಿನಲ್ಲಿ ಡೆಮಾಕ್ರಟಿಕ್ ಪಕ್ಷದ ರಫೇಲ್ ವಾರ್ನಾಕ್ ಸುಮಾರು 93 ಸಾವಿರ ಮತಗಳಿಂದ ಗೆದ್ದರು. ಅಲ್ಲಿಗೆ ಸೆನೆಟ್ 50-50. ಸಮ ಬಂದರೆ ಉಪಾಧ್ಯಕ್ಷರ ಮತ ನಡೆಯುತ್ತದೆ. ಆ ಸ್ಥಾನಕ್ಕೆ ಬಂದಿದ್ದವರು ಕಮಲಾ ಹ್ಯಾರಿಸ್. ಎರಡೇ ತಿಂಗಳಲ್ಲಿ 1.9 ಲಕ್ಷ ಕೋಟಿ ಡಾಲರ್‌ನ ಕೋವಿಡ್ ಪರಿಹಾರ ಮಸೂದೆ 50-49ರಲ್ಲಿ ಪಾಸಾಯಿತು. ಐಸಕ್ಸನ್ ಕೂತೇ ಇದ್ದಿದ್ದರೆ ಇದ್ಯಾವುದೂ ಹೀಗೆ ಆಗುತ್ತಿರಲಿಲ್ಲ. ಪೂರ್ತಿ ಅಂಕ ನಿಮಗೇ.

ಆದರೆ ಒಂದು ವಿಷಯ ನೀವು ಬೇಕಂತಲೇ ಬಿಟ್ಟಿದ್ದೀರಿ, ಅಲ್ವಾ? ಅದೇ ದಿನ ಜಾರ್ಜಿಯಾದ ಇನ್ನೊಂದು ಸೀಟಿನಲ್ಲಿ ಡೇವಿಡ್ ಪರ್ಡ್ಯೂ ಕೂಡ ಜಾನ್ ಆಸಫ್ ಎದುರು ಸೋತರು. ಪರ್ಡ್ಯೂ ರಾಜೀನಾಮೆ ಕೊಟ್ಟವರಲ್ಲ, ಕಾಯಿಲೆಯವರೂ ಅಲ್ಲ. ಅವರೊಬ್ಬರು ಗೆದ್ದಿದ್ದರೂ ಸೆನೆಟ್ ಉಳಿಯುತ್ತಿತ್ತು. ನವೆಂಬರಿನಿಂದ ಟ್ರಂಪ್ ‘ಜಾರ್ಜಿಯಾದ ಎಣಿಕೆಯೇ ಮೋಸ’ ಎಂದು ಸಾರುತ್ತಿದ್ದರು. ಮತದಾನಕ್ಕೆ ಮೂರು ದಿನ ಇರುವಾಗ ಅಲ್ಲಿನ ಚುನಾವಣಾ ಅಧಿಕಾರಿಗೇ ಫೋನ್ ಮಾಡಿ 11,780 ಮತ ಹುಡುಕಿಕೊಡಿ ಎಂದಿದ್ದರು. ಎಣಿಕೆಯೇ ಸುಳ್ಳು ಎಂದು ಹೇಳಿಸಿಕೊಂಡ ಜನ ಯಾವ ಹುರುಪಿನಿಂದ ಮತ್ತೆ ಬೂತಿಗೆ ಬರುತ್ತಾರೆ? ಸೆನೆಟ್ ಕೈತಪ್ಪಿದ ಪಾಪವನ್ನು ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆ ಇದ್ದ ಮುದುಕ ಐಸಕ್ಸನ್ನರ ತಲೆಗೆ ಕಟ್ಟುವುದು ಸುಲಭ. ನಿಜವಾಗಿ ಯಾರ ತಲೆಗೆ ಕಟ್ಟಬೇಕೋ ಅವರ ಹೆಸರೆತ್ತುವುದು ಕಷ್ಟ.

ಇನ್ನು ಐಸಕ್ಸನ್ನರ ಆ ಕುರ್ಚಿಯ ಜಾತಕ ಕೇಳಿ. 2000ದ ಜುಲೈಯಲ್ಲಿ ಅದರಲ್ಲಿದ್ದವರು ರಿಪಬ್ಲಿಕನ್ ಪಾಲ್ ಕವರ್‌ಡೆಲ್. ಇದ್ದಕ್ಕಿದ್ದಂತೆ ತೀರಿಕೊಂಡರು. ಆಗಿನ ಗವರ್ನರ್ ಡೆಮಾಕ್ರಟ್. ಅವರು ತಮ್ಮ ಪಕ್ಷದ ಜೆಲ್ ಮಿಲ್ಲರ್ ಅವರನ್ನು ನೇಮಿಸಿದರು. ಮಿಲ್ಲರ್ ನವೆಂಬರಿನಲ್ಲಿ ಚುನಾವಣೆಯನ್ನೂ ಗೆದ್ದರು. ಆ ವರ್ಷವೂ ಸೆನೆಟ್ 50-50. ಆಗ ಟೈ ಮುರಿಯುತ್ತಿದ್ದವರು ಉಪಾಧ್ಯಕ್ಷ ಡಿಕ್ ಚೇನಿ, ಹಾಗಾಗಿ ಹಿಡಿತ ರಿಪಬ್ಲಿಕನ್ನರದ್ದು. 2001ರ ಮೇ ತಿಂಗಳಲ್ಲಿ ವರ್ಮಾಂಟಿನ ಜಿಮ್ ಜೆಫರ್ಡ್ಸ್ ಆ ಪಕ್ಷ ಬಿಟ್ಟು ಡೆಮಾಕ್ರಟರ ಜೊತೆ ಕೂತರು, ಸೆನೆಟ್ ಉರುಳಿತು. ಎಲ್ಲರೂ ಜೆಫರ್ಡ್ಸ್ ಅವರನ್ನೇ ಬೈದರು. ಕವರ್‌ಡೆಲ್ ಬದುಕಿದ್ದಿದ್ದರೆ ಜೆಫರ್ಡ್ಸ್ ಹೋದ ಮೇಲೂ ಲೆಕ್ಕ 50-50ಕ್ಕೆ ನಿಂತು, ಚೇನಿ ಮತದಲ್ಲಿ ಹಿಡಿತ ಉಳಿಯುತ್ತಿತ್ತು. ಸತ್ತು ಪಕ್ಷಕ್ಕೆ ಕೈಕೊಟ್ಟರು ಎಂದು ಕವರ್‌ಡೆಲ್ ಅವರನ್ನು ಬೈಯೋಣವೇ?

ಆ ಮಿಲ್ಲರ್ 2004ರಲ್ಲಿ ಮತ್ತೆ ನಿಲ್ಲಲಿಲ್ಲ. ಹೋಗುವಾಗ ಸುಮ್ನೆ ಹೋಗದೆ, ರಿಪಬ್ಲಿಕನ್ನರ ಸಮಾವೇಶಕ್ಕೇ ಹೋಗಿ ಬುಷ್ ಪರ ಗುಡುಗಿದರು. ಆ ವರ್ಷ ದಕ್ಷಿಣದ ಐವರು ಡೆಮಾಕ್ರಟ್ ಸೆನೆಟರುಗಳು ಕಣದಿಂದ ಸರಿದರು: ಜಾರ್ಜಿಯಾ, ಫ್ಲಾರಿಡಾ, ಲೂಸಿಯಾನಾ, ಎರಡು ಕ್ಯಾರೊಲಿನಾಗಳು. ಐದಕ್ಕೆ ಐದೂ ರಿಪಬ್ಲಿಕನ್ನರ ಪಾಲಾದವು. ಆ ರಾಜ್ಯಗಳು ಯಾವತ್ತೋ ಬಣ್ಣ ಬದಲಿಸಿದ್ದವು. ಹಳಬರ ಹೆಸರಿನ ಬಲದಲ್ಲಿ ಸೀಟು ಉಳಿದಿತ್ತು ಅಷ್ಟೆ. ಹೆಸರು ಹೋಯಿತು, ಸೀಟೂ ಹೋಯಿತು. 2024ರಲ್ಲಿ ವೆಸ್ಟ್ ವರ್ಜೀನಿಯಾದ ಜೋ ಮಂಚಿನ್ ಸರಿದಾಗಲೂ ಇದೇ ಕಥೆ. ಹಾಗೆ ಜಾರ್ಜಿಯಾದ ಖಾಲಿ ಕುರ್ಚಿಗೆ 2004ರಲ್ಲಿ ಬಂದವರು ಯಾರು ಗೊತ್ತಾ? ನಿಮ್ಮ ಐಸಕ್ಸನ್ನೇ. ಒಬ್ಬರು ಬಿಟ್ಟುಹೋಗಿದ್ದರಿಂದ ಪಕ್ಷಕ್ಕೆ ಬಂದ ಕುರ್ಚಿ, ಇನ್ನೊಬ್ಬರು ಬಿಟ್ಟಾಗ ಹೋಯಿತು. ಬಂದಾಗ ಯಾರೂ ನಮಗೆ ಪತ್ರ ಬರೆದಿರಲಿಲ್ಲ.

ಇರಲಿ, ಆ ಮನುಷ್ಯನ ಕಡೆ ಸ್ವಲ್ಪ ನೋಡಿ. ಪಾರ್ಕಿನ್ಸನ್ಸ್ ಇರುವುದನ್ನು 2015ರಲ್ಲಿ ಅವರೇ ಹೇಳಿಕೊಂಡರು. 2016ರಲ್ಲಿ ಜನ ಗೊತ್ತಿದ್ದೇ ಗೆಲ್ಲಿಸಿದರು. 2019ರ ಜುಲೈಯಲ್ಲಿ ವಾಷಿಂಗ್ಟನ್ನಿನ ಮನೆಯಲ್ಲಿ ಬಿದ್ದು ನಾಲ್ಕು ಪಕ್ಕೆಲುಬು ಮುರಿಯಿತು. ಮೂತ್ರಪಿಂಡದ ಗೆಡ್ಡೆಗೆ ಆಪರೇಷನ್ ಆಯಿತು. ಆಗ ಅವರಿಗೆ 74. ಜನರಿಗೆ ಸಲ್ಲಬೇಕಾದ ಮಟ್ಟದಲ್ಲಿ ಇನ್ನು ನನ್ನಿಂದ ಕೆಲಸ ಆಗದು ಎಂದು ಹೇಳಿ ಹೊರಟರು. ಆ ನವೆಂಬರಿನಲ್ಲಿ ಕೆಳಮನೆಯಲ್ಲಿ ಅವರಿಗೊಂದು ಬೀಳ್ಕೊಡುಗೆ. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಪೊಲೀಸರ ಲಾಠಿ ತಿಂದಿದ್ದ ಜಾನ್ ಲೂಯಿಸ್, ಎದುರು ಪಕ್ಷದವರು, ಮಾತು ಮುಗಿಸಿ ‘ನಾನೇ ನಿನ್ನ ಹತ್ತಿರ ಬರ್ತೀನಿ’ ಅಂದರು. ಸಭಾಂಗಣ ದಾಟಿ ನಡೆದುಹೋಗಿ ಐಸಕ್ಸನ್ನರನ್ನು ಅಪ್ಪಿಕೊಂಡರು. ಇವತ್ತಿನ ಅಮೆರಿಕದ ರಾಜಕೀಯದಲ್ಲಿ ಇಂಥದ್ದು ಇನ್ನೊಂದು ತೋರಿಸಿ ನೋಡೋಣ. ಐಸಕ್ಸನ್ 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ನೀವು ಹೇಳಿದ ‘ಇನ್ನು ಮೂರು ವರ್ಷ’ ಅವರಿಗೆ ಇರಲೇ ಇಲ್ಲ.

ಹೇಗೋ ತಳ್ಳುವುದು ಎಂದರೆ ಏನು ಎಂಬುದಕ್ಕೂ ಉದಾಹರಣೆ ಇದೆ. 2023ರ ಜುಲೈ. ಸೆನೆಟ್ಟಿನ ಹಣಕಾಸು ವಿನಿಯೋಗ ಸಮಿತಿಯಲ್ಲಿ ರಕ್ಷಣಾ ಮಸೂದೆಗೆ ಮತ. ಕ್ಯಾಲಿಫೋರ್ನಿಯಾದ ಡಯಾನ್ ಫೈನ್‌ಸ್ಟೈನ್ ಅವರಿಗೆ ಆಗ 90 ವರ್ಷ. ಹೆಸರು ಕರೆದಾಗ ಹೂಂ ಅನ್ನುವುದರ ಬದಲು ಅವರು ಭಾಷಣ ಓದಲು ಶುರು ಮಾಡಿದರು. ಪಕ್ಕದಲ್ಲಿದ್ದ ಪ್ಯಾಟಿ ಮರ್ರೇ, ‘ಹೌದು ಅಂತ ಹೇಳಿ ಸಾಕು’ ಎಂದು ಹೇಳಿಕೊಡಬೇಕಾಯಿತು. ದೊಡ್ಡ ಹೆಂಗಸು ಆಕೆ, ಸ್ಯಾನ್ ಫ್ರಾನ್ಸಿಸ್ಕೋದ ಮೇಯರಾಗಿ ಊರನ್ನು ಆಳಿದವರು. ನೋಡಲಾಗಲಿಲ್ಲ. ಅದೇ ವರ್ಷ ಮೊದಲು ಅವರು ಸರ್ಪಸುತ್ತಿನಿಂದ ಎರಡು ತಿಂಗಳಿಗೂ ಜಾಸ್ತಿ ಮಲಗಿದ್ದರು. ನ್ಯಾಯಾಂಗ ಸಮಿತಿಯಲ್ಲಿ ಡೆಮಾಕ್ರಟರಿಗೆ ಇದ್ದದ್ದು ಒಂದೇ ಮತದ ಬಹುಮತ, ಆ ಒಂದು ಮತ ಇವರದ್ದು. ಅಷ್ಟೂ ದಿನ ಎದುರು ಪಕ್ಷ ಒಪ್ಪದ ನ್ಯಾಯಾಧೀಶರ ಹೆಸರುಗಳೆಲ್ಲ ಸಮಿತಿಯಲ್ಲೇ ಕೊಳೆತವು. ಕೂತರೆ ಪಕ್ಷಕ್ಕೆ ಲಾಭ ಅಂತೀರಲ್ಲ, ಇದನ್ನು ಯಾವ ಖಾತೆಗೆ ಬರೆಯೋಣ?

ನನಗೆ ಕರುಳಿಲ್ಲ ಅಂದುಕೊಳ್ಳಬೇಡಿ. 2009ರ ಕ್ರಿಸ್‌ಮಸ್ ಹಿಂದಿನ ದಿನ ಬೆಳಗ್ಗೆ, 92ರ ಸೆನೆಟರ್ ರಾಬರ್ಟ್ ಬರ್ಡ್ ಗಾಲಿಕುರ್ಚಿಯಲ್ಲಿ ಬಂದು, ಇದು ತೀರಿಹೋದ ಗೆಳೆಯ ಟೆಡ್ ಕೆನೆಡಿಗಾಗಿ ಎಂದು ಆರೋಗ್ಯ ಮಸೂದೆಗೆ ಮತ ಹಾಕಿದರು. ನಮ್ಮ ರಾಜ್ಯಸಭೆಯಲ್ಲೂ 2023ರ ಆಗಸ್ಟಿನಲ್ಲಿ ಮನಮೋಹನ್ ಸಿಂಗ್ ಗಾಲಿಕುರ್ಚಿಯಲ್ಲಿ ಬಂದು ದೆಹಲಿ ಮಸೂದೆಗೆ ವಿರುದ್ಧವಾಗಿ ಮತ ಹಾಕಿದರು. ಮಸೂದೆ 131-102ರಲ್ಲಿ ಪಾಸಾಗೇ ಹೋಯಿತು, ಅದು ಬೇರೆ ಮಾತು. ಇಂಥದ್ದು ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಒಂದು ದಿನ ಬಂದು ಮತ ಹಾಕುವುದೇ ಬೇರೆ, ಮೂರು ವರ್ಷದ ಸಮಿತಿ ಕೆಲಸವೇ ಬೇರೆ.

ಋಣದ ಮಾತೆತ್ತಿದಿರಿ. ಪಕ್ಷಗಳ ನಿಯತ್ತು ಎಷ್ಟು ಅಂತ ನೋಡಬೇಕಾದರೆ ಮ್ಯಾಸಚೂಸೆಟ್ಸಿಗೆ ಹೋಗಿ. 2004ರಲ್ಲಿ ಜಾನ್ ಕೆರ‍್ರಿ ಅಧ್ಯಕ್ಷರಾಗಿಬಿಟ್ಟರೆ ಅವರ ಸೀಟಿಗೆ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಯಾರನ್ನೋ ಕೂರಿಸುತ್ತಾರೆ ಎಂದು ಡೆಮಾಕ್ರಟರು ಗವರ್ನರ್ ಕೈಯಿಂದ ನೇಮಕದ ಅಧಿಕಾರವನ್ನೇ ಕಿತ್ತುಕೊಂಡರು. 2009ರಲ್ಲಿ ಅದೇ ರಾಜ್ಯದ ಸೆನೆಟರ್ ಕೆನೆಡಿ ತೀರಿಕೊಂಡಾಗ ಗವರ್ನರ್ ಅವರದೇ ಪಕ್ಷದವರು. ಅಧಿಕಾರ ವಾಪಸ್ ಬಂತು! ಇಷ್ಟೆಲ್ಲ ಮಾಡಿಯೂ 2010ರ ಜನವರಿಯ ಉಪಚುನಾವಣೆಯಲ್ಲಿ ಸೀಟು ಎದುರು ಪಕ್ಷಕ್ಕೆ ಹೋಯಿತು, ಸೆನೆಟ್ಟಿನಲ್ಲಿ ಎದುರಾಳಿಗಳ ಅಡ್ಡಿ ಮೀರಲು ಬೇಕಾದ 60ರ ಬಲ 59ಕ್ಕೆ ಇಳಿಯಿತು. ಕೆಂಟಕಿಯಲ್ಲಿ ಇದೇ ಆಟವನ್ನು ರಿಪಬ್ಲಿಕನ್ನರು ಆಡಿದರು. ಗವರ್ನರ್ ಡೆಮಾಕ್ರಟ್, ಸೆನೆಟರ್ ಮಿಚ್ ಮೆಕಾನೆಲ್‌ಗೆ ವಯಸ್ಸಾಗಿದೆ. ಖಾಲಿಯಾದರೆ ಹಳೇ ಸೆನೆಟರ್ ಪಕ್ಷದವರೇ ಕೊಟ್ಟ ಮೂರು ಹೆಸರಲ್ಲಿ ಒಂದನ್ನು ಆರಿಸಬೇಕು ಎಂದು 2021ರಲ್ಲಿ ಕಾಯ್ದೆ ಮಾಡಿದರು. ಅದೂ ಸಾಲದು ಅನ್ನಿಸಿ 2024ರಲ್ಲಿ ನೇಮಕವನ್ನೇ ತೆಗೆದುಹಾಕಿದರು. ಇಂಥವರಿಗೆ ಐಸಕ್ಸನ್ ಯಾವ ಋಣ ತೀರಿಸಬೇಕಿತ್ತು ಸ್ವಾಮಿ?

ನಮ್ಮಲ್ಲೇನು ಕಡಿಮೆಯೇ? ರಾಜ್ಯಸಭೆಯ ಸೀಟು ಖಾಲಿಯಾದರೆ ಶಾಸಕರ ತಲೆ ಎಣಿಸಿದರೆ ಸಾಕು, ಫಲಿತಾಂಶ ಗೊತ್ತಾಗುತ್ತದೆ. ಹಾಗಾಗಿ ಯಾರು ಹೋದರು, ಯಾರು ಬಂದರು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಳಗೆ ಬನ್ನಿ. ನನಗೆ ಗೊತ್ತಿರುವ ಒಂದು ಸಹಕಾರ ಸಂಘದಲ್ಲಿ ಅಧ್ಯಕ್ಷರನ್ನು ವಾರ್ಷಿಕ ಸಭೆಗೆ ಇಬ್ಬರು ಹಿಡಿದುಕೊಂಡು ಬರುತ್ತಾರೆ. ವರದಿಯನ್ನು ಮಗ ಓದುತ್ತಾನೆ, ಚೆಕ್ಕಿಗೆ ಸಹಿ ಮಾತ್ರ ಅವರದ್ದು. ಸಾಲದ ಅರ್ಜಿಗಳು ಆ ಸಹಿಗಾಗಿ ವಾರಗಟ್ಟಲೆ ಕಾಯುತ್ತವೆ. ‘ಅವರಿಲ್ಲದಿದ್ದರೆ ಎದುರು ಗುಂಪಿನವರು ಬಂದುಬಿಡುತ್ತಾರೆ’ ಅನ್ನುತ್ತಾರೆ ಸದಸ್ಯರು. ನಿಮ್ಮ ಪತ್ರದಲ್ಲಿ ಇರುವುದೂ ಇದೇ ಮಾತು, ಇಂಗ್ಲಿಷ್ ಬೋರ್ಡ್ ಹಾಕಿಕೊಂಡಿದೆ ಅಷ್ಟೆ. ಸಾಹಿತ್ಯದ ಸಂಘಗಳು, ಕ್ರೀಡಾ ಸಂಸ್ಥೆಗಳು, ಮಠದ ಶಾಲೆಯ ಆಡಳಿತ ಮಂಡಳಿಗಳು, ಎಲ್ಲ ಕಡೆ ಇದೇ. ಪತ್ರಿಕೆಗಳ ಸಂಪಾದಕರೂ ಸೇರಿದರಲ್ವಾ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ: ನನ್ನ ಅವಧಿ ಇನ್ನೂ ಇದೆ.

ನೀವು ಬರೆದ ಶೈಲಿ ಮಾತ್ರ ಚೆನ್ನಾಗಿದೆ, ಜಗಳಕ್ಕೆ ಬಂದರೂ ಕನ್ನಡ ಗಟ್ಟಿಯಾಗಿದೆ. ಈಗ ಆ ಕುರ್ಚಿಯಲ್ಲಿ 2029ರ ಜನವರಿವರೆಗೆ ವಾರ್ನಾಕ್ ಇದ್ದಾರೆ. ಎರಡು ವರ್ಷ ಒಂದು ತಿಂಗಳಲ್ಲಿ ಅವರು ಅದೇ ಕುರ್ಚಿಗೆ ನಾಲ್ಕು ಸಲ ಮತ ಕೇಳಬೇಕಾಯಿತು. ನಾಲ್ಕೂ ಸಲ ನಿಮ್ಮ ಬೀದಿಗೆ ಯಾರು ಬಂದರು, ಏನು ಹೇಳಿದರು, ಅಲ್ಲಿನ ಕನ್ನಡದವರ ಮನೆಗಳಲ್ಲಿ ಏನೇನು ಜಗಳವಾಯಿತು, ಎರಡು ಪುಟ ಬರೆದು ಕಳಿಸಿ. ಗೌರವಧನ ಕಡಿಮೆ. ಐಸಕ್ಸನ್ನರನ್ನು ಬೈದಿದ್ದರೂ ಒಂದಕ್ಷರ ತೆಗೆಯದೆ ಹಾಕುತ್ತೇನೆ.