ಟರ್ಕಿ ಭಾಷೆಯ ಫೋನಿನಲ್ಲಿ ಮಾತ್ರ ಕೀ ಸಿಗದಿದ್ದರೆ

ನಿಮ್ಮ ಜಾವಾ ಕೋಡು ಸರ್ವರಿನಿಂದ ಬರುವ ದೊಡ್ಡಕ್ಷರದ ‘ಟೈಟಲ್’ ಕೀಯನ್ನು ಚಿಕ್ಕಕ್ಷರಕ್ಕೆ ತಿರುಗಿಸಿ ಮ್ಯಾಪಿನಲ್ಲಿ (ಕೀ ಕೊಟ್ಟರೆ ಅದರ ಮೌಲ್ಯ ಕೊಡುವ ಪಟ್ಟಿ) ಹುಡುಕುತ್ತದೆ, ಟರ್ಕಿ ಭಾಷೆ ಇಟ್ಟುಕೊಂಡವರ ಫೋನಿನಲ್ಲಿ ಮಾತ್ರ ಸಿಗುವುದಿಲ್ಲ ಅಂದಿರಿ. ಮ್ಯಾಪಿನ ತಪ್ಪಲ್ಲ ಇದು.

ಟರ್ಕಿ ಭಾಷೆಯಲ್ಲಿ ಐ ಅಕ್ಷರ ಎರಡಿವೆ, ಚುಕ್ಕೆ ಇರುವುದು ಒಂದು, ಇಲ್ಲದ್ದು ಇನ್ನೊಂದು. ದೊಡ್ಡ ಐ ಅಲ್ಲಿ ಚುಕ್ಕೆಯಿಲ್ಲದ ಚಿಕ್ಕ ಐ ಆಗುತ್ತದೆ. ಚಿಕ್ಕಕ್ಷರ ಮಾಡುವ ಟು-ಲೋವರ್-ಕೇಸ್‌ಗೆ ನೀವು ಏನೂ ಹೇಳದಿದ್ದರೆ ಅದು ಫೋನಿನ ಲೊಕೇಲ್, ಅಂದರೆ ಭಾಷೆ-ದೇಶದ ಸೆಟ್ಟಿಂಗ್, ಹಿಡಿಯುತ್ತದೆ. ಕಣ್ಣಿಗೆ ಹೆಚ್ಚುಕಡಿಮೆ ಅದೇ ಪದ, ಕಂಪ್ಯೂಟರಿಗೆ ಬೇರೆಯದೇ.

ಅದರ ಆವರಣದಲ್ಲಿ ಲೊಕೇಲ್ ಡಾಟ್ ರೂಟ್ (ಯಾವ ಭಾಷೆಗೂ ಸೇರದ ಲೊಕೇಲ್) ಕೊಡಿ, ಸರಿಹೋಗುತ್ತದೆ. ಮ್ಯಾಪಿಗೆ ಹಾಕುವಾಗಲೂ ಹುಡುಕುವಾಗಲೂ ಕೊಡಬೇಕು, ಒಂದು ಕಡೆ ಮಾತ್ರ ಕೊಟ್ಟರೆ ಸಾಲದು. ಜಾವಾ ಬಿಟ್ಟು ಕಾಟ್ಲಿನ್ ಭಾಷೆ‌ಗೆ ಹೋಗುವ ಯೋಚನೆ ಇದ್ದರೆ, ಅಲ್ಲಿನ ಹೊಸ ಲೋವರ್‌ಕೇಸ್ ಫಂಕ್ಷನ್ ತಾನಾಗಿಯೇ ರೂಟ್ ಬಳಸುತ್ತದೆ. ಸುಮ್ನೆ ಎರಡು ಸ್ಟ್ರಿಂಗ್ ಹೋಲಿಸಲು ಈಕ್ವಲ್ಸ್-ಇಗ್ನೋರ್-ಕೇಸ್ ಸಾಕು, ಅದು ಲೊಕೇಲ್ ನೋಡುವುದೇ ಇಲ್ಲ.

ಆದರೆ ಅದು ಒಂದೊಂದೇ ಅಕ್ಷರ ಹೋಲಿಸುತ್ತದೆ. ಜರ್ಮನ್ನಿನ ‘ಶ್ಟ್ರಾಸೆ’ ಪದವನ್ನು ದೊಡ್ಡಕ್ಷರದಲ್ಲಿ ಬರೆದರೆ ಅದರ ವಿಶೇಷ ಎಸ್ ಎರಡು ಎಸ್ ಆಗಿಬಿಡುತ್ತದೆ. ಉದ್ದವೇ ಬೇರೆ ಆದಮೇಲೆ ಹೊಂದುವುದು ಹೇಗೆ? ಪೈಥಾನ್‌ನಲ್ಲಾದರೆ ಇದಕ್ಕೇ ಕೇಸ್‌ಫೋಲ್ಡ್ ಇದೆ. ನಿಮ್ಮ ಕೀಗಳೆಲ್ಲ ಸಾದಾ ಇಂಗ್ಲಿಷ್ ಅಲ್ವಾ, ಹಾಗಾಗಿ ಈ ತಲೆನೋವು ನಿಮಗಿಲ್ಲ.

ಕನ್ನಡ ಕೀಗಳನ್ನು ಸೇರಿಸಿದರೂ ಕೇಸ್ ತೊಂದರೆ ಬರುವುದಿಲ್ಲ, ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವಲ್ಲ. ಆದರೆ ‘ಕೋ’ ಅನ್ನುವುದನ್ನು ಯುನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಕೂಡಿಸಬಹುದು. ಅವೆಲ್ಲ ಒಂದೇ ರೂಪಕ್ಕೆ ಬರಲಿ ಅಂತ, ಹೋಲಿಸುವ ಮೊದಲು ಜಾವಾದ ನಾರ್ಮಲೈಜರ್‌ನಲ್ಲಿ ಎನ್‌ಎಫ್‌ಸಿ ಮಾಡಿಕೊಳ್ಳಿ.