‘ಕ್ವಾಲಿಫೈಡ್’ ಅಂದರೆ ಪಾಸ್ ಅಲ್ಲ

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಒಂದು ಚಿಕ್ಕ ಊರಿನಲ್ಲಿ. ಮಗಳು 4ನೇ ಕ್ಲಾಸ್. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಇರುವುದೇ ಎರಡು ಶಾಲೆ, ಸುಮಾರು 540 ಮಕ್ಕಳು. ಬಜೆಟ್ ‘ಕ್ವಾಲಿಫೈಡ್’ ಆಗಿದೆ ಅಂತ ಇಮೇಲ್ ಬಂತು. ಪಾಸಾಯಿತಲ್ಲ ಅಂದುಕೊಂಡರೆ, ಲೈಬ್ರರಿಯನ್‌ರನ್ನು ತೆಗೆಯುತ್ತಾರಂತೆ, ಪಾರ್ಸೆಲ್ ಟ್ಯಾಕ್ಸ್ ಅಂತ ಮನೆ-ಜಾಗದ ಮೇಲೆ ಇನ್ನೊಂದು ತೆರಿಗೆ ಬೇಕಂತೆ. ಎರಡು ವರ್ಷದ ಹಿಂದೆ ಬಾಂಡ್ ಸಾಲದ ದುಡ್ಡಲ್ಲಿ ಹೊಸ ಜಿಮ್ ಕಟ್ಟಿದರು. ಆ ದುಡ್ಡೆಲ್ಲ ಎಲ್ಲಿ ಹೋಯಿತು? ಶಾಲೆ ವರ್ಷದ ಮಧ್ಯೆ ಮುಚ್ಚಿಬಿಡುತ್ತಾ? ನಾವು ಎಚ್-1ಬಿ ವೀಸಾದವರು, ವೋಟು ಇಲ್ಲ.

ಉತ್ತರ: ಮೊದಲು ಆ ಪದದ ವಿಷಯ. ಅಲ್ಲಿನ ಡಿಸ್ಟ್ರಿಕ್ಟ್‌ಗಳು ವರ್ಷದ ನಡುವೆ ಎರಡು ಸಲ ಕೌಂಟಿಗೆ, ಅಂದರೆ ನಮ್ಮ ಜಿಲ್ಲಾಡಳಿತದಂಥ ಕಚೇರಿಗೆ, ಲೆಕ್ಕ ಒಪ್ಪಿಸಬೇಕು. ಈ ವರ್ಷ ಮತ್ತು ಮುಂದಿನ ಎರಡು ವರ್ಷ ಖರ್ಚು ತೂಗಿಸುತ್ತೇವೆ ಅಂದರೆ ‘ಪಾಸಿಟಿವ್’. ತೂಗಿಸಲು ಆಗದೇ ಹೋಗಬಹುದು ಅಂದರೆ ‘ಕ್ವಾಲಿಫೈಡ್’. ಆಗುವುದೇ ಇಲ್ಲ ಅಂದರೆ ‘ನೆಗೆಟಿವ್’. ನಿಮ್ಮದು ಹಳದಿ ಸಿಗ್ನಲ್.

ಜಿಮ್ ವಿಷಯದಲ್ಲಿ ಮೋಸ ಆಗಿಲ್ಲ. ಬಾಂಡ್ ದುಡ್ಡು ಕಟ್ಟಡಕ್ಕೆ, ರಿಪೇರಿಗೆ ಮಾತ್ರ. ಶೇ. 55 ವೋಟಿಗೆ ಬಾಂಡ್ ಪಾಸಾಗಲಿ ಅಂತ 2000ದಲ್ಲಿ ಜನರೇ ವೋಟು ಹಾಕಿ ತಂದ ಕಾನೂನು ಪ್ರೊಪೊಸಿಷನ್ 39, ಆ ದುಡ್ಡಿನಿಂದ ಟೀಚರ್ ಸಂಬಳ ಕೊಡಬಾರದು ಅಂತ ಬಾಯಿಬಿಟ್ಟೇ ಹೇಳಿದೆ. ಮನೆ ಕಟ್ಟಲು ತಂದ ಸಾಲದಲ್ಲಿ ದಿನಸಿ ತರುವಂತಿಲ್ಲ, ಅಷ್ಟೇ. ಹೊಸ ಜಿಮ್ಮಿನ ಪಕ್ಕದಲ್ಲೇ ಬೀಗ ಬಿದ್ದ ಲೈಬ್ರರಿ ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ನಿಜ.

ಹಾಗಾದರೆ ಸಂಬಳದ ದುಡ್ಡು ಯಾಕೆ ಸಾಲುತ್ತಿಲ್ಲ? ನಮ್ಮೂರ ಕಡೆ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಮಕ್ಕಳು ಕಡಿಮೆಯಾದರೆ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಬಹುದು, ಆದರೆ ಶಾಲೆ ದಿವಾಳಿ ಆಯಿತು ಅಂತ ಯಾರೂ ಕೇಳಿಲ್ಲ. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯಲ್ಲ. ಅದೊಂದು ಪುಟ್ಟ ಸರ್ಕಾರದ ಹಾಗೆ. ಅದಕ್ಕೆ ತನ್ನದೇ ಚುನಾಯಿತ ಮಂಡಳಿ, ತನ್ನದೇ ಬಜೆಟ್, ತನ್ನದೇ ಸಾಲ.

ಅದಕ್ಕೆ ರಾಜ್ಯದ ದುಡ್ಡು ಬರುವುದು ಎಷ್ಟು ಮಕ್ಕಳು ಶಾಲೆಗೆ ಬರುತ್ತಾರೆ ಅನ್ನುವುದರ ಮೇಲೆ. ಇನ್ನು ಮಗ್ಗಿ ಲೆಕ್ಕ. ಒಂಬತ್ತು ತರಗತಿ, ತಲಾ 60 ಮಕ್ಕಳು, ಮೂರು ಸೆಕ್ಷನ್. ಬಾಡಿಗೆ ಜಾಸ್ತಿಯಾಗಿ ಕೆಲವರು ಊರು ಬಿಟ್ಟರು, ತರಗತಿಗೆ ಮೂರೇ ಮೂರು ಮಕ್ಕಳು ಕಡಿಮೆ ಅನ್ನಿ. ಒಟ್ಟು 27. ಒಂದು ಮಗುವಿಗೆ ರಾಜ್ಯದ ಲೆಕ್ಕದಲ್ಲಿ ವರ್ಷಕ್ಕೆ 11,000 ಡಾಲರ್ ಅಂತ ಇಟ್ಟುಕೊಂಡರೂ ಸುಮಾರು 3 ಲಕ್ಷ ಡಾಲರ್ ಹೋಯಿತು. ಖರ್ಚು ಎಷ್ಟು ಇಳಿಯಿತು? ಏನೂ ಇಲ್ಲ. 20 ಮಕ್ಕಳಿದ್ದ ಕ್ಲಾಸಲ್ಲಿ 19 ಆದರು ಅಂತ ಟೀಚರನ್ನು ಶೇ. 5ರಷ್ಟು ಕಡಿಮೆ ಮಾಡಲಾಗದು, ಅಲ್ವಾ? ಬಸ್ಸೂ ಅದೇ ದಾರಿಯಲ್ಲಿ ಓಡಬೇಕು. ದೊಡ್ಡ ಡಿಸ್ಟ್ರಿಕ್ಟ್ ಆದರೆ ನಾಲ್ಕು ಸೆಕ್ಷನ್ ಸೇರಿಸಿ ಮೂರು ಮಾಡಿ ಸುಧಾರಿಸಿಕೊಳ್ಳುತ್ತದೆ. ಚಿಕ್ಕದಕ್ಕೆ ಆ ಜಾಗವೇ ಇಲ್ಲ. ದುಂದುಗಾರಿಕೆ ಅಂತ ಜನ ಬೈಯುತ್ತಾರೆ. ನನ್ನ ಪ್ರಕಾರ ಬಹಳ ಸಲ ತಪ್ಪು ದುಂದಿನದಲ್ಲ, ಸಣ್ಣ ಸಂಖ್ಯೆಯದು.

ಮೀಸಲು ಹಣ ಇಲ್ಲವೇ ಅಂದರೆ, ಇದೆ. ನಿಮ್ಮಷ್ಟು ಮಕ್ಕಳಿರುವ ಡಿಸ್ಟ್ರಿಕ್ಟ್ ಖರ್ಚಿನ ಶೇ. 4ರಷ್ಟು ಪಕ್ಕಕ್ಕಿಡಬೇಕು ಅಂತ ನಿಯಮ. ಬಜೆಟ್ 80 ಲಕ್ಷ ಡಾಲರ್ ಇದ್ದರೆ ಅದು 3 ಲಕ್ಷ 20 ಸಾವಿರ. ಮೇಲಿನ 27 ಮಕ್ಕಳ ಕೊರತೆ ಅದನ್ನು ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ರಾಜ್ಯ ಹಿಂದಿನ ಮೂರು ವರ್ಷದ ಸರಾಸರಿ ಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಏಟು ತಡವಾಗಿ ಬೀಳುತ್ತದೆ. ಅದೇ ಅಪಾಯ. ಈ ವರ್ಷ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ.

ಕೋವಿಡ್ ದುಡ್ಡೂ ಹೀಗೇ ಕಣ್ಣು ಮಂಜಾಗಿಸಿತು. ಫೆಡರಲ್ ಸರ್ಕಾರ ಮೂರು ಕಂತಲ್ಲಿ ದೇಶದ ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತು. ಕೊನೆಯ ಕಂತಿನ ದುಡ್ಡು ಯಾವುದಕ್ಕೆ ಅಂತ ನಿರ್ಧರಿಸಲು ಗಡುವು 2024ರ ಸೆಪ್ಟೆಂಬರ್ 30. ಕಂಪ್ಯೂಟರ್ ಕೊಂಡವರು ಬಚಾವ್. ಕಾಯಂ ಕೆಲಸಕ್ಕೆ ಜನ ತೆಗೆದುಕೊಂಡವರು ಸಿಕ್ಕಿಹಾಕಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಕಾಲು ಚಾಚಿದ ಮೇಲೆ ಹಾಸಿಗೆ ಗಿಡ್ಡವಾಯಿತು. ಜೊತೆಗೆ ಟೀಚರುಗಳ ಪಿಂಚಣಿಗೆ ಡಿಸ್ಟ್ರಿಕ್ಟ್ ಕಟ್ಟುವ ಪಾಲು 2013-14ರಲ್ಲಿ ಸಂಬಳದ ಶೇ. 8.25 ಇತ್ತು, ಈಗ ಶೇ. 19.1.

ಮಧ್ಯದಲ್ಲಿ ಮುಚ್ಚುತ್ತಾರಾ ಅಂತ ಕೇಳಿದ್ದೀರಿ. ಆ ಭಯ ಬೇಡ. 1991ರಲ್ಲಿ ಕ್ಯಾಲಿಫೋರ್ನಿಯಾದ್ದೇ ಆದ ರಿಚ್‌ಮಂಡ್ ಡಿಸ್ಟ್ರಿಕ್ಟ್ ದುಡ್ಡು ಖಾಲಿ ಅಂತ ಶಾಲಾ ವರ್ಷ ಮುಗಿಯಲು ಆರು ವಾರ ಮೊದಲೇ ಬಾಗಿಲು ಹಾಕಲು ಹೊರಟಿತ್ತು. ಅಪ್ಪ-ಅಮ್ಮಂದಿರು ಕೋರ್ಟಿಗೆ ಹೋದರು. ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವುದು ರಾಜ್ಯದ ಹೊಣೆ ಅಂತ ಕೋರ್ಟ್ ಹೇಳಿತು. 1992ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಈಗಿನ ಹಸಿರು-ಹಳದಿ-ಕೆಂಪು ಲೆಕ್ಕದ ಕಾನೂನು ಬಂದದ್ದು ಆ ರಗಳೆಯ ನಂತರವೇ. ಈಗ ಕೈ ಪೂರ್ತಿ ಬರಿದಾದರೆ ರಾಜ್ಯ ತುರ್ತು ಸಾಲ ಕೊಡುತ್ತದೆ. ಸಾಲ ದೊಡ್ಡದಾದರೆ ಚುನಾಯಿತ ಮಂಡಳಿಯ ಅಧಿಕಾರ ಹೋಗಿ, ನೇಮಕವಾದ ಆಡಳಿತಗಾರ ಬಂದು ಕೂರುತ್ತಾರೆ.

ಪಾರ್ಸೆಲ್ ಟ್ಯಾಕ್ಸ್ ಸುಲಭವಲ್ಲ. ಮಂಡಳಿ ಅದನ್ನು ವೋಟಿಗಿಟ್ಟರೆ ಮೂರರಲ್ಲಿ ಎರಡು ಪಾಲು ವೋಟು ಬೇಕು. ನಿಮಗೆ ವೋಟಿಲ್ಲ, ಬಾಯಿ ಇದೆ. ಮಂಡಳಿಯ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು, ವೀಸಾ ಕೇಳುವುದಿಲ್ಲ. ಈ ವರ್ಷದ ಉಳಿಕೆ ಕೇಳಬೇಡಿ. ಮೂರನೇ ವರ್ಷದ ಅಂದಾಜು ಕೇಳಿ. ಅದರಲ್ಲಿ ಎಷ್ಟು ಮಕ್ಕಳು ಅಂತ ಹಿಡಿದಿದ್ದಾರೆ, ಈಗಿನ ಕಿಂಡರ್‌ಗಾರ್ಟನ್ ಎಷ್ಟು ಅಂತ ತಾಳೆ ನೋಡಿ. ಸುಳ್ಳು ಆಸೆ ಅಡಗಿರುವುದು ಸಾಮಾನ್ಯವಾಗಿ ಅಲ್ಲೇ.

ಪ್ರಶ್ನೆ: ಡಿಸೆಂಬರಿನಲ್ಲಿ ಐದು ವಾರ ಮೈಸೂರಿಗೆ ಹೋಗುತ್ತೇವೆ ಅಂದರೆ ಶಾಲೆಯವರು ಮುಖ ಸಣ್ಣ ಮಾಡುತ್ತಾರೆ. ಮಗ ಓದಿನಲ್ಲಿ ಮುಂದಿದ್ದಾನೆ. ಸುಮ್ನೆ ರಗಳೆ ಯಾಕೆ?

ಉತ್ತರ: ಕ್ಯಾಲಿಫೋರ್ನಿಯಾ ದುಡ್ಡು ಕೊಡುವುದು ದಾಖಲಾತಿಗಲ್ಲ, ದಿನದ ಹಾಜರಿಗೆ. ಜ್ವರ ಬಂದು ಮಲಗಿದರೂ ಆ ದಿನದ ದುಡ್ಡಿಲ್ಲ. 11,000 ಡಾಲರನ್ನು 180 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 61 ಡಾಲರ್. ರಜೆಯ ದಿನ ಬಿಟ್ಟು 15 ದಿನ ತಪ್ಪಿದರೆ ಒಂದು ಮಗುವಿನಿಂದ ಶಾಲೆಗಾಗುವ ನಷ್ಟ 900 ಡಾಲರ್ ದಾಟುತ್ತದೆ. ಇಂಥ ಹತ್ತು ಮನೆ ಇದ್ದರೆ ನೀವೇ ಲೆಕ್ಕ ಹಾಕಿ. ಟಿಕೆಟ್ ಬುಕ್ ಮಾಡಿದ ಕೂಡಲೇ ‘ಇಂಡಿಪೆಂಡೆಂಟ್ ಸ್ಟಡಿ’ ಒಪ್ಪಂದ ಕೇಳಿ. ಅಜ್ಜಿ ಮನೆಯಲ್ಲಿ ಕೂತು ಮಾಡಿದ ಹೋಮ್‌ವರ್ಕನ್ನು ಸರಿಯಾಗಿ ಒಪ್ಪಿಸಿದರೆ ಆ ದಿನಗಳೂ ಹಾಜರಿಗೆ ಸೇರುತ್ತವೆ. ಕೆಲವು ಶ್ರೀಮಂತ ಡಿಸ್ಟ್ರಿಕ್ಟ್‌ಗಳು ಆಸ್ತಿ ತೆರಿಗೆಯಿಂದಲೇ ನಡೆಯುತ್ತವೆ. ಅಂಥ ಕಡೆ ಹಾಜರಿ ತಪ್ಪಿದರೂ ಹಣ ಹೋಗುವುದಿಲ್ಲ. ಅಲ್ಲಿ ಮುಖ ಸಣ್ಣ ಮಾಡಿದರೆ ಅದು ನಿಜಕ್ಕೂ ಓದಿನ ಚಿಂತೆಗೇ.