ಓದುಗರ ಪ್ರಶ್ನೆ, ವೈದ್ಯರ ಉತ್ತರ: ರೋಗದ ಲೆಕ್ಕವೂ ಲಸಿಕೆಯ ಲೆಕ್ಕವೂ

ಮಕ್ಕಳ ಲಸಿಕೆಯ ಬಗ್ಗೆ, ಸಾಂಕ್ರಾಮಿಕ ರೋಗಗಳ ಮೇಲೆ ಆರೋಗ್ಯ ಇಲಾಖೆ ಇಡುವ ನಿಗಾದ ಬಗ್ಗೆ ಬಂದಿರುವ ಪತ್ರಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನನ್ನ ನಾಲ್ಕು ವರ್ಷದ ಮಗನಿಗೆ ಜ್ವರ ಬಂದು ಮೈಯೆಲ್ಲ ಕೆಂಪು ದದ್ದು ಎದ್ದಿತು. ನಮ್ಮ ಅತ್ತೆಯವರು, 'ಅಮ್ಮ ಬಂದಿದ್ದಾಳೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಯಾರಿಗೂ ಹೇಳಬೇಡಿ' ಎಂದರು. ಆದರೂ ಆಶಾ ಕಾರ್ಯಕರ್ತೆಗೆ ಸುದ್ದಿ ತಿಳಿದು, ಆರೋಗ್ಯ ಕೇಂದ್ರದವರು ಬಂದು ಮಗುವಿನ ರಕ್ತ ತೆಗೆದುಕೊಂಡರು. ಅಕ್ಕಪಕ್ಕದ ಮನೆಗಳ ಮಕ್ಕಳ ಹೆಸರನ್ನೂ ಬರೆದುಕೊಂಡು ಹೋದರು. ಮಗ ಈಗ ಗುಣವಾಗಿದ್ದಾನೆ. ಇಷ್ಟೆಲ್ಲ ಗದ್ದಲ ಬೇಕಿತ್ತೇ?
— ಗೃಹಿಣಿ, ಹಾವೇರಿ ಜಿಲ್ಲೆ

ಉತ್ತರ: ಬೇಕಿತ್ತಮ್ಮ. ದಡಾರ ಮತ್ತು ರುಬೆಲ್ಲಾ ನೋಡುವುದಕ್ಕೆ ಒಂದೇ ರೀತಿ ಇರುತ್ತವೆ. ಡೆಂಗಿ ಜ್ವರದಲ್ಲಿಯೂ ಕೆಲವೊಮ್ಮೆ ಅಂಥದೇ ದದ್ದು ಏಳುತ್ತದೆ. ಆದ್ದರಿಂದ ಜ್ವರದೊಂದಿಗೆ ದದ್ದು ಕಂಡ ಮಗುವನ್ನು ಶಂಕಿತ ಪ್ರಕರಣವೆಂದು ದಾಖಲಿಸಿ, ದದ್ದು ಎದ್ದ 28 ದಿನಗಳೊಳಗೆ ರಕ್ತದ ಮಾದರಿ ಪಡೆದು, ಯಾವ ರೋಗದ ವಿರುದ್ಧ ಹೊಸ ಪ್ರತಿಕಾಯಗಳು ಹುಟ್ಟಿವೆ ಎಂಬುದನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಆ ರಕ್ತದಿಂದ ನಿಮ್ಮ ಮಗನ ಚಿಕಿತ್ಸೆಗೆ ಹೆಚ್ಚಿನ ಪ್ರಯೋಜನವಿಲ್ಲದಿರಬಹುದು; ಪ್ರಯೋಜನವಾಗುವುದು ಅವರು ಹೆಸರು ಬರೆದುಕೊಂಡ ಆ ಅಕ್ಕಪಕ್ಕದ ಮಕ್ಕಳಿಗೆ.

ರಕ್ಷಣೆಯೇ ಇಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಸೋಂಕು ತಗಲುತ್ತದೆ. ದದ್ದು ಕಾಣುವ ನಾಲ್ಕು ದಿನ ಮೊದಲೇ ಮಗು ಸೋಂಕು ಹರಡತೊಡಗಿರುತ್ತದೆ, ಅಂದರೆ ಬಾಗಿಲಿಗೆ ಬೇವು ಕಟ್ಟುವ ಹೊತ್ತಿಗೆ ವೈರಾಣು ಅಂಗನವಾಡಿಗೆ ಹೋಗಿ ಬಂದಾಗಿರುತ್ತದೆ. ಮಗುವನ್ನು ಮನೆಯಲ್ಲೇ ಬೇರೆಯಾಗಿ ಇರಿಸುವ ಹಳೆಯ ರೂಢಿಯಲ್ಲಿ ತಪ್ಪೇನೂ ಇಲ್ಲ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಕೇಡಿರುವುದು 'ಯಾರಿಗೂ ಹೇಳಬೇಡಿ' ಎಂಬ ಮಾತಿನಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 100 ಮಕ್ಕಳು ಹುಟ್ಟುವ ಊರಿನಲ್ಲಿ 90 ಮಕ್ಕಳಿಗೆ ಒಂಬತ್ತನೇ ತಿಂಗಳಿನ ದಡಾರ-ರುಬೆಲ್ಲಾ ಲಸಿಕೆ ಬಿದ್ದಿದೆ ಎಂದುಕೊಳ್ಳಿ. ಆ ವಯಸ್ಸಿನಲ್ಲಿ ಕೊಟ್ಟ ಒಂದೇ ಡೋಸು ಸುಮಾರು ಶೇ 85ರಷ್ಟು ಮಕ್ಕಳಲ್ಲಿ ಮಾತ್ರ ರಕ್ಷಣೆ ಹುಟ್ಟಿಸುತ್ತದೆ. ಹಾಗಾಗಿ 90ರಲ್ಲಿ 76 ಅಥವಾ 77 ಮಕ್ಕಳಿಗಷ್ಟೇ ರಕ್ಷಣೆ ಸಿಕ್ಕಿತು. ಲಸಿಕೆ ಹಾಕಿಸಿಕೊಳ್ಳದವರನ್ನೂ ಸೇರಿಸಿದರೆ ಇಪ್ಪತ್ಮೂರು, ಇಪ್ಪತ್ನಾಲ್ಕು ಮಕ್ಕಳು ಬಯಲಿಗೆ ಬಿದ್ದಂತಾಯಿತು. ಪ್ರತಿ ವರ್ಷವೂ ಅಷ್ಟಷ್ಟೇ ಮಕ್ಕಳು ಸೇರುತ್ತ ಹೋದರೆ ನಾಲ್ಕು ವರ್ಷಗಳಲ್ಲಿ ಆ ಊರಿನಲ್ಲಿ ಸುಮಾರು ನೂರು ಮಕ್ಕಳು ರೋಗಕ್ಕೆ ತೆರೆದುಕೊಂಡು ಕುಳಿತಿರುತ್ತಾರೆ, ಕಾಗದದಲ್ಲಿ ಮಾತ್ರ 'ಶೇ 90 ಸಾಧನೆ' ಎಂದಿರುತ್ತದೆ. 16ರಿಂದ 24 ತಿಂಗಳೊಳಗೆ ಎರಡನೆಯ ಡೋಸು ಕೊಡುವುದೂ, ಎರಡೂ ಡೋಸುಗಳು ಶೇ 95ರಷ್ಟು ಮಕ್ಕಳನ್ನು ತಲುಪಬೇಕೆಂದು ಹಟ ಹಿಡಿಯುವುದೂ ಈ ಕಾರಣಕ್ಕೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನವರಿಗೆಲ್ಲ ಒಮ್ಮೆಗೇ ಲಸಿಕೆ ಹಾಕಿದ ಅಭಿಯಾನ ಹೀಗೆ ಕೂಡುತ್ತ ಬಂದಿದ್ದ ಬಾಕಿಯನ್ನು ತೀರಿಸುವುದಕ್ಕಾಗಿಯೇ ನಡೆಯಿತು.

ನಿಮ್ಮ ಮಗನಿಗೆ ದಡಾರವೆಂದೇ ಖಚಿತವಾದರೆ, ಎರಡು ದಿನ ಅನುಕ್ರಮವಾಗಿ ಕೊಡುವ 'ಎ' ಜೀವಸತ್ವದ ದ್ರಾವಣ ಸಿಕ್ಕಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅದು ಕಣ್ಣನ್ನೂ ಜೀವವನ್ನೂ ಕಾಯುತ್ತದೆ. ಮುಂದಿನ ಕೆಲವು ವಾರ ಕೆಮ್ಮು ಭೇದಿಗಳನ್ನು ಹಗುರವಾಗಿ ಎಣಿಸಬೇಡಿ. ಹಿಂದೆ ಗಳಿಸಿದ್ದ ರೋಗನಿರೋಧಕ ಶಕ್ತಿಯ ಒಂದು ಭಾಗವನ್ನೂ ದಡಾರ ಅಳಿಸಿಹಾಕುತ್ತದೆ.

ಪ್ರಶ್ನೆ: ಭಾರತ ಪೋಲಿಯೊಮುಕ್ತವಾಗಿ ವರ್ಷಗಳೇ ಕಳೆದಿವೆ. ನಮ್ಮ ಪಕ್ಕದ ಮನೆಯ ಎಂಟು ವರ್ಷದ ಹುಡುಗಿಯ ಕಾಲುಗಳ ಬಲ ಇದ್ದಕ್ಕಿದ್ದಂತೆ ಕುಂದಿತು. ಇದು ನರಗಳ ಉರಿಯೂತ, ಪೋಲಿಯೊ ಅಲ್ಲ ಎಂದು ಆಸ್ಪತ್ರೆಯ ತಜ್ಞರೇ ಹೇಳಿದರು. ಹಾಗಿದ್ದೂ ಆರೋಗ್ಯ ಸಿಬ್ಬಂದಿ ಎರಡು ಬಾರಿ ಮಲದ ಮಾದರಿ ಕೇಳಿ ಪಡೆದರು. ಇದು ವೃಥಾ ಖರ್ಚಲ್ಲವೇ?
— ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ಪೋಲಿಯೊ ಇಲ್ಲವೆಂದು ಹೇಳುವ ಹಕ್ಕು ಈ ಖರ್ಚಿನಿಂದಲೇ ಬರುತ್ತದೆ. ಹದಿನೈದು ವರ್ಷದೊಳಗಿನ ಯಾವುದೇ ಮಗುವಿನ ಕೈಕಾಲು ಹಠಾತ್ತನೆ ಬಲಗುಂದಿ ಜೋಲುಬಿದ್ದರೆ, ಕಾರಣ ಏನೇ ಇರಲಿ, ವರದಿ ಮಾಡಬೇಕೆಂಬುದು ನಿಯಮ. ಲಕ್ವ ಆರಂಭವಾದ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಮಾದರಿಗಳನ್ನು ಪಡೆದು, ಶೀತಲ ಪೆಟ್ಟಿಗೆಯಲ್ಲಿಟ್ಟು ಪೋಲಿಯೊ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಂಥ ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ವೈದ್ಯರು ಪೋಲಿಯೊ ಅಲ್ಲವೆಂದು ಭಾವಿಸಿದ ಪ್ರಕರಣವನ್ನು ಬಿಟ್ಟುಬಿಡುವ ಪದ್ಧತಿ ಇದ್ದಿದ್ದರೆ, ಅವರ ಊಹೆ ತಪ್ಪಾದ ಒಂದೇ ದಿನ ಸಾಕಾಗುತ್ತಿತ್ತು.

ಈ ಏರ್ಪಾಡಿನಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಅಂಶವೊಂದಿದೆ. 15 ವರ್ಷದೊಳಗಿನ ಪ್ರತಿ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕನಿಷ್ಠ ಒಂದಾದರೂ ಪೋಲಿಯೊ ಅಲ್ಲದ ಲಕ್ವದ ಪ್ರಕರಣ ಪತ್ತೆಯಾಗಲೇಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಭಾರತವು ಅದನ್ನು ಎರಡಕ್ಕೆ ಏರಿಸಿಕೊಂಡಿದೆ. ಅಷ್ಟು ಪ್ರಕರಣಗಳು ಸ್ವಾಭಾವಿಕವಾಗಿಯೇ ಇರುತ್ತವೆ. ಒಂದು ಜಿಲ್ಲೆ 'ನಮ್ಮಲ್ಲಿ ಒಂದೂ ಇಲ್ಲ' ಎಂದು ಬರೆದು ಕಳುಹಿಸಿದರೆ ಅದನ್ನು ಯಾರೂ ಹೊಗಳುವುದಿಲ್ಲ, ಅಲ್ಲಿ ಹುಡುಕುವವರೇ ಇಲ್ಲವೆಂದು ತಿಳಿಯುತ್ತಾರೆ. ನಿಮ್ಮ ಪಕ್ಕದ ಮನೆಯ ಹುಡುಗಿಯ ಮಾದರಿ ನಿಮ್ಮ ಜಿಲ್ಲೆ ಎಚ್ಚರವಾಗಿದೆ ಎಂಬುದಕ್ಕೆ ಸಾಕ್ಷಿ.

ಪೋಲಿಯೊ ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಲಕ್ವ ಹೊಡೆಯುತ್ತದೆ, ಉಳಿದವರು ಸದ್ದಿಲ್ಲದೆ ವೈರಾಣುವನ್ನು ಹೊರಹಾಕುತ್ತಿರುತ್ತಾರೆ. ಒಂದೇ ಪ್ರಕರಣಕ್ಕೆ ಇಡೀ ವ್ಯವಸ್ಥೆ ಬೆಚ್ಚಿಬೀಳುವುದೂ, ಕೆಲವು ನಗರಗಳಲ್ಲಿ ಚರಂಡಿ ನೀರನ್ನು ಪರೀಕ್ಷಿಸುವುದೂ ಇದೇ ಕಾರಣಕ್ಕೆ. ನಮ್ಮ ದೇಶದ ಕೊನೆಯ ಕಾಡು ಪೋಲಿಯೊ (ಲಸಿಕೆಯಿಂದಲ್ಲದೆ ಸಹಜವಾಗಿಯೇ ಹರಡುವ ವೈರಾಣುವಿನ) ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ನೀಡಿತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಾಣು ಇನ್ನೂ ಉಳಿದಿದೆ. ಅಲ್ಲದೆ ಬಾಯಿಗೆ ಹಾಕುವ ಹನಿಯಲ್ಲಿರುವ ದುರ್ಬಲಗೊಳಿಸಿದ ವೈರಾಣು, ಲಸಿಕೆ ಸರಿಯಾಗಿ ತಲುಪದ ಪ್ರದೇಶಗಳಲ್ಲಿ ಬಹುಕಾಲ ಸುತ್ತಾಡಿದರೆ, ಮತ್ತೆ ಬಲ ಪಡೆದುಕೊಳ್ಳುವ ಅಪರೂಪದ ಸಾಧ್ಯತೆಯೂ ಇದೆ. 2024ರಲ್ಲಿ ಮೇಘಾಲಯದ ಒಂದು ಮಗುವಿನಲ್ಲಿ ಲಸಿಕೆಯಿಂದ ಹುಟ್ಟಿದ ವೈರಾಣು ಕಂಡುಬಂದಿತ್ತು. ಹನಿಯ ಜೊತೆಗೆ ಆರನೇ ವಾರ, ಹದಿನಾಲ್ಕನೇ ವಾರ ಮತ್ತು ಒಂಬತ್ತನೇ ತಿಂಗಳಿನಲ್ಲಿ ತೋಳಿನ ಚರ್ಮಕ್ಕೆ ಕೊಡುವ ಪೋಲಿಯೊ ಚುಚ್ಚುಮದ್ದನ್ನು ಸೇರಿಸಿರುವುದು ಈ ಅಪಾಯದಿಂದ ಕಾಪಾಡುವುದಕ್ಕಾಗಿ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಡೆಂಗಿ ಪ್ರಕರಣಗಳು ಕಳೆದ ವರ್ಷಕ್ಕಿಂತ ಹೆಚ್ಚಾಗಿವೆ ಎಂದು ಪತ್ರಿಕೆಯಲ್ಲಿ ಓದಿದೆ. ಅಂದರೆ ಆರೋಗ್ಯ ಇಲಾಖೆ ಸೋತಿದೆ ಎಂದೇ ಅರ್ಥವಲ್ಲವೇ?
— ವಿದ್ಯಾರ್ಥಿ, ಮಂಗಳೂರು

ಉತ್ತರ: ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಆ ಅಂಕಿಯೊಂದರಿಂದಲೇ ತೀರ್ಮಾನಕ್ಕೆ ಬರುವುದು ಸಾಧ್ಯವಿಲ್ಲ. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ಮಾಹಿತಿ ಮೂರು ನೆಲೆಗಳಿಂದ ಬರುತ್ತದೆ: ಉಪಕೇಂದ್ರದ ಆರೋಗ್ಯ ಕಾರ್ಯಕರ್ತರು ಲಕ್ಷಣ ನೋಡಿ ಬರೆಯುವ ಶಂಕಿತ ಪ್ರಕರಣ, ವೈದ್ಯರು ಪರೀಕ್ಷಿಸಿ ಬರೆಯುವ ಸಂಭಾವ್ಯ ಪ್ರಕರಣ, ಪ್ರಯೋಗಾಲಯ ದೃಢಪಡಿಸಿದ ಪ್ರಕರಣ. ಮೊದಲು ಈ ನಮೂನೆಗಳು ವಾರಕ್ಕೊಮ್ಮೆ ಮೇಲಕ್ಕೆ ಹೋಗುತ್ತಿದ್ದವು. 2018ರ ನವೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಮೊದಲಾದ ಆನ್‌ಲೈನ್ ವೇದಿಕೆಯಲ್ಲಿ ಈಗ ನೇರವಾಗಿ ನಮೂದಾಗುತ್ತವೆ. ಸೊಳ್ಳೆ ಹೆಚ್ಚಿದರೆ ಅಂಕಿ ಏರುತ್ತದೆ ನಿಜ. ಆದರೆ ಹೆಚ್ಚು ಜನರನ್ನು ಪರೀಕ್ಷಿಸಿದರೂ, ಇದುವರೆಗೆ ಸುಮ್ಮನಿದ್ದ ಖಾಸಗಿ ಆಸ್ಪತ್ರೆಗಳು ವರದಿ ಕೊಡತೊಡಗಿದರೂ ಅದು ಏರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಮೇಲೆ, ಹಿಂದಿನ ವರ್ಷಗಳ ಅಂಕಿಗಳೊಂದಿಗೆ ಹೋಲಿಸುವವರು ಇದನ್ನು ನೆನಪಿನಲ್ಲಿಡಬೇಕು.

ಪತ್ರಿಕೆ ಓದುವಾಗ ಎಷ್ಟು ಮಂದಿಯನ್ನು ಪರೀಕ್ಷಿಸಿದರು, ಅವರಲ್ಲಿ ಶೇಕಡಾ ಎಷ್ಟು ಜನರಿಗೆ ಸೋಂಕಿತ್ತು, ಎಷ್ಟು ಆಸ್ಪತ್ರೆಗಳು ವರದಿ ಕೊಟ್ಟವು ಎಂದು ಹುಡುಕಿ. ಪರೀಕ್ಷೆ ಹೆಚ್ಚಿ ಸೋಂಕಿನ ಶೇಕಡಾ ಪ್ರಮಾಣ ಇಳಿದಿದ್ದರೆ ಒಂದು ಅರ್ಥ, ಎರಡೂ ಏರಿದ್ದರೆ ಇನ್ನೊಂದು ಅರ್ಥ. ಸಾವಿನ ಸಂಖ್ಯೆ ಏರಿದ್ದರೆ ಮಾತ್ರ, 'ವರದಿ ಸುಧಾರಿಸಿದೆ' ಎಂಬ ಸಮಜಾಯಿಷಿಯನ್ನು ಅಷ್ಟು ಸುಲಭವಾಗಿ ಒಪ್ಪಬೇಡಿ. 'ಈ ವಾರ ಶೂನ್ಯ' ಎಂದು ಬರೆದ ನಮೂನೆಯೂ ಖಾಲಿ ಬಿಟ್ಟ ನಮೂನೆಯೂ ಒಂದೇ ಅಲ್ಲ.

ಅಂಕಿ ಏರಿತೆಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ವೈದ್ಯಾಧಿಕಾರಿಯನ್ನು ಎಲ್ಲರೆದುರು ಗದರಿಸಿದರೆ ಮುಂದಿನ ತಿಂಗಳು ಅಂಕಿ ಖಂಡಿತ ಇಳಿಯುತ್ತದೆ, ರೋಗ ಇಳಿಯುವುದಿಲ್ಲ. ಸಿಡುಬನ್ನು ದೇಶದಿಂದ ಓಡಿಸಿದ ದಿನಗಳಲ್ಲಿ ಸರ್ಕಾರ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. ಹೊಸ ಪ್ರಕರಣದ ಸುದ್ದಿ ಕೊಟ್ಟವರಿಗೆ ನಗದು ಬಹುಮಾನವನ್ನೇ ಘೋಷಿಸಿತು.

ಪ್ರಶ್ನೆ: ಮಗುವಾಗಿದ್ದಾಗಲೇ ಮಗಳಿಗೆ ಎಲ್ಲ ಚುಚ್ಚುಮದ್ದು ಹಾಕಿಸಿದ್ದೇವೆ. ಈಗ ಐದು ತುಂಬಿದೆ, ಮತ್ತೊಂದು ಬೇಕು ಎನ್ನುತ್ತಾರೆ. ಹತ್ತಕ್ಕೂ ಹದಿನಾರಕ್ಕೂ ಇದೆಯಂತೆ. ಯಾಕೆ?
— ರೈತರು, ವಿಜಯಪುರ ಜಿಲ್ಲೆ

ಉತ್ತರ: ಮುಖ್ಯವಾಗಿ ಗಂಟಲುಮಾರಿಯ ಕಾರಣಕ್ಕೆ. ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಂದ ರಕ್ಷಿಸುತ್ತದೆಯಾದರೂ, ಆ ರಕ್ಷಣೆ ವರ್ಷಗಳು ಕಳೆದಂತೆ ಸವೆಯುತ್ತದೆ. ಒಂದೂವರೆ ವರ್ಷದ ಆಸುಪಾಸಿನ, ಐದು-ಆರು ವರ್ಷದ ಬೂಸ್ಟರ್ ಡೋಸುಗಳು ಅದನ್ನು ಮತ್ತೆ ಮೇಲಕ್ಕೆತ್ತುತ್ತವೆ. ಎಳೆಯ ಕೂಸಿಗೆ ತಪ್ಪದೆ ಹಾಕಿಸುವ ತಂದೆತಾಯಿಯರೇ ಮಗು ಓಡಾಡತೊಡಗಿದ ಮೇಲೆ ಮರೆಯುತ್ತಾರೆ. ಹಾಗಾಗಿ ಗಂಟಲುಮಾರಿ ಈಗ ಶಾಲೆಗೆ ಹೋಗುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತಿದೆ. ರೋಗಿಗಳ ವಯಸ್ಸನ್ನು ದಾಖಲಿಸುತ್ತ ಬಂದದ್ದರಿಂದಲೇ ಈ ಸಂಗತಿ ಬೆಳಕಿಗೆ ಬಂತು. ಹತ್ತು ಮತ್ತು ಹದಿನಾರನೇ ವರ್ಷಕ್ಕೆ ಹಿಂದೆ ಬರೀ ಧನುರ್ವಾಯುವಿನ ಟಿಟಿ ಕೊಡುತ್ತಿದ್ದ ಕಡೆ ಈಗ ಗಂಟಲುಮಾರಿಯ ಅಂಶವನ್ನೂ ಸೇರಿಸಿದ ಟಿಡಿ ಲಸಿಕೆ ಕೊಡುತ್ತಿದ್ದಾರೆ.

ಗಂಟಲು ನೋವಿನೊಂದಿಗೆ ಒಳಗೆ ಬೂದುಬಿಳಿ ಪೊರೆ ಕಂಡರೆ, ಕತ್ತು ಊದಿದರೆ ಅಂದೇ ಆಸ್ಪತ್ರೆಗೆ ಹೋಗಿ. ಅದರ ವಿಷ ಹೃದಯದ ಸ್ನಾಯುವನ್ನು ಹಿಡಿಯುತ್ತದೆ. ವಿಷಹಾರಿ ಸೀರಮ್ ಕೊಡುವುದು ತಡವಾದಷ್ಟೂ ಅದರ ಗುಣ ಕಡಿಮೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಕಟ್ಟಡ ಕೆಲಸಕ್ಕೆ ಬಂದಿರುವ ಯಾದಗಿರಿ ಕಡೆಯ ದಂಪತಿಗೆ ಎರಡು ವರ್ಷದ ಮಗುವಿದೆ. ಊರಿನಲ್ಲಿ ಎರಡು ಸಲ ಪೆಂಟಾ ಹಾಕಿಸಿದ್ದರಂತೆ, ಆಮೇಲೆ ಏನೂ ಇಲ್ಲ. ತಾಯಿ ಕಾರ್ಡ್ ಕಳೆದುಹೋಗಿದೆ. ಮೊದಲಿನಿಂದ ಶುರು ಮಾಡಬೇಕೇ?
— ಗೃಹಿಣಿ, ಬೆಂಗಳೂರು

ಉತ್ತರ: ಬೇಡ. ಎಷ್ಟೇ ತಡವಾಗಿದ್ದರೂ ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಒಂದು ವರ್ಷದೊಳಗೆ ಪೆಂಟಾ ಆರಂಭವಾಗಿರುವುದರಿಂದ ಉಳಿದ ಡೋಸನ್ನು ಈಗಲೂ ಕೊಡುತ್ತಾರೆ. ಅದೇ ದಿನ ಪೋಲಿಯೊ ಹನಿಯನ್ನೂ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸನ್ನೂ ಕೊಡಬಹುದು, ಎರಡನೆಯದು ಕನಿಷ್ಠ ನಾಲ್ಕು ವಾರಗಳ ನಂತರ. ಒಂದೇ ದಿನ ಎರಡು ಮೂರು ಚುಚ್ಚುಮದ್ದು ಕೊಟ್ಟರೆ ಮಗು ತಾಳಿಕೊಳ್ಳುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ.

ಸೈಟಿನಿಂದ ಸೈಟಿಗೆ, ಇಟ್ಟಿಗೆ ಗೂಡಿಗೆ, ಕಬ್ಬಿನ ಗದ್ದೆಗೆ ತಿರುಗುವ ಕುಟುಂಬಗಳ ಮಕ್ಕಳು ಹುಟ್ಟಿದೂರಿನ ಪಟ್ಟಿಯಲ್ಲಿ 'ಊರಿನಲ್ಲಿಲ್ಲ' ಎಂದಾಗಿ, ಬಂದೂರಿನ ಪಟ್ಟಿಯಲ್ಲಿ ಸೇರದೆ, ಎರಡೂ ಕಡೆಯ ಲೆಕ್ಕದಿಂದ ಜಾರುತ್ತಾರೆ. ಆದ್ದರಿಂದ ಲಸಿಕೆ ಹಾಕಿಸುವುದರ ಜೊತೆಗೆ, ಆ ಕಟ್ಟಡದ ಶೆಡ್ಡುಗಳಲ್ಲಿ ಇನ್ನೆಷ್ಟು ಮಕ್ಕಳಿದ್ದಾರೆ ಎಂಬುದನ್ನೂ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ದಯವಿಟ್ಟು ತಿಳಿಸಿ. ಕಾರ್ಡ್ ಇಲ್ಲವೆಂದು, ಬೇರೆ ಜಿಲ್ಲೆಯವರೆಂದು ಸರ್ಕಾರಿ ಕೇಂದ್ರದಲ್ಲಿ ವಾಪಸು ಕಳುಹಿಸುವಂತಿಲ್ಲ, ಲಸಿಕೆ ಉಚಿತ. ತಾಯಿಯ ಮೊಬೈಲ್ ಸಂಖ್ಯೆ ಕೊಟ್ಟರೆ, ಲಸಿಕೆಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ಯು-ವಿನ್‌ನಲ್ಲಿ ಹಳೆಯ ದಾಖಲೆ ಸಿಗುತ್ತದೆಯೇ ಎಂದು ಸಿಬ್ಬಂದಿ ನೋಡುತ್ತಾರೆ, ಸಿಗದಿದ್ದರೆ ಹೊಸ ಕಾರ್ಡ್ ಬರೆದುಕೊಡುತ್ತಾರೆ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆಯ ದಿನ. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಅಲ್ಲೇ ಕೂರಬೇಕಾಗುತ್ತದೆ, ಅಂದಿನ ಕೂಲಿ ಅರ್ಧ ದಿನದ್ದು ಹೋಗಬಹುದು. ಮೇಸ್ತ್ರಿಯೊಂದಿಗೆ ಮೊದಲೇ ಮಾತನಾಡಿ ಇಟ್ಟರೆ ಆ ದಂಪತಿಗೆ ಅನುಕೂಲ.